ಸೀದ ವಾಸನೆ

ಕಲೀಪಾಳ ಕೈ ಹಿಟ್ಟು ನಾದುತ್ತಿತ್ತು, ಕಿವಿ ಮಾತ್ರ ಗೋಡೆಯ ಆಚೆಗಿತ್ತು. ಗೋಡೆಯ ಆಚೆ ಅತ್ತೆಯ ಕೋಣೆ. ಅಲ್ಲಿಂದ ಅತ್ತೆ ನರಳುವುದು ಕೇಳುತ್ತಿತ್ತು, ಮಂಚ ಕಿರುಗುಟ್ಟುವುದು ಕೇಳುತ್ತಿತ್ತು, ನಡುನಡುವೆ ಬೆರ್ಮೆತ್ ನಗುವುದೂ ಕೇಳುತ್ತಿತ್ತು. ನಗುವಂಥದ್ದು ಏನಿದೆ ಅಲ್ಲಿ? ನಾಳೆ ಬೆಳಿಗ್ಗೆ ಅತ್ತೆಯನ್ನು ನರಿನ್ ಪಟ್ಟಣದ ಆಸ್ಪತ್ರೆಗೆ ಸಾಗಿಸಬೇಕು, ಹೊಟ್ಟೆ ಕೊಯ್ದು ಕಲ್ಲು ತುಂಬಿದ ಪಿತ್ತಕೋಶ ತೆಗೆಯುತ್ತಾರೆ, ಏಳುತ್ತಾರೋ ಇಲ್ಲವೋ ದೇವರಿಗೇ ಗೊತ್ತು, ಈ ಹುಡುಗಿ ನಗುತ್ತಾಳೆ. ಅದೂ ಹೋಗಲಿ, ಅತ್ತೆಯೂ ನಕ್ಕರು. ನರಳಾಟದ ನಡುವೆಯೇ, ಕೆಮ್ಮಿನ ಹಾಗೆ ಒಂದು ನಗು. ತನ್ನ ಯಾವ ಮಾತಿಗೂ ಅತ್ತೆ ಹಾಗೆ ನಕ್ಕಿದ್ದು ಕಲೀಪಾಳಿಗೆ ನೆನಪಿಲ್ಲ. ಹಿಟ್ಟನ್ನು ಮುಷ್ಟಿಯಿಂದ ಗುದ್ದಿದಳು. ಅದು ಹದಕ್ಕೆ ಬಂದು ಆಗಲೇ ಎಷ್ಟೋ ಹೊತ್ತಾಗಿತ್ತು.

ದೊಡ್ಡ ಕೆಲಸಕ್ಕೆ ಯಾರಾದರೂ ಮನೆಯಿಂದ ಹೊರಡುವ ಮೊದಲು ಎಣ್ಣೆಯ ವಾಸನೆ ಏಳಬೇಕು, ಏಳು ರೊಟ್ಟಿ ಕರಿದು ನೆರೆಯವರಿಗೆ ಹಂಚಬೇಕು. ಸತ್ತವರು ಬಂದು ತಿನ್ನುವುದಿಲ್ಲ, ಅವರಿಗೆ ವಾಸನೆ ಸಾಕು. ಮಾವ, ಮಾವನ ಅಪ್ಪ, ಅವರ ಅಪ್ಪ, ಎಲ್ಲರೂ ಗುಡ್ಡದ ಗೋರಿಗಳಲ್ಲಿ ಮೂಗರಳಿಸಿ, ಮನೆಯವರು ತಮ್ಮನ್ನು ಮರೆತಿಲ್ಲ ಎಂದು ಸಮಾಧಾನಪಟ್ಟು, ಹೊರಟವರ ಬೆನ್ನು ಕಾಯುತ್ತಾರೆ. ರೊಟ್ಟಿ ಸೀದರೆ, ಹೋಗಬೇಡ ಎಂದು ಅವರೇ ತಡೆದಂತೆ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಆ ಎಣ್ಣೆ ಕಾಯಿಸಿದವಳು ಕಲೀಪಾ. ಆದರೆ ದೊಡ್ಡಮನೆಯ ಒಲೆ ಕಿರಿಯ ಮಗನಿಗೆ, ಅವನ ಹೆಂಡತಿಗೆ ಸೇರಬೇಕಾದದ್ದು. ಕಿರಿಯವನಾದ ತಿಲೆಕ್ ಬೆರ್ಮೆತ್‌ಳನ್ನು ಕಟ್ಟಿಕೊಂಡ ವರ್ಷ ಕಲೀಪಾ, ಅವಳ ಗಂಡ, ಮಕ್ಕಳು ಅಂಗಳದ ಆಚೆಯ ಎರಡು ಕೋಣೆಯ ಮನೆಗೆ ಸಾಮಾನು ಸಾಗಿಸಿದರು. ಅದರಲ್ಲಿ ಅನ್ಯಾಯವೇನೂ ಇಲ್ಲ, ಎಲ್ಲರ ಮನೆಯಲ್ಲೂ ನಡೆಯುವುದೇ. ಆದರೂ ಹೊಸ ಸೊಸೆ ಮೊದಲ ಸಲ ಈ ಒಲೆಯ ಬಾಗಿಲು ತೆರೆದು ಕುರಿಹಿಕ್ಕೆಯ ಇಟ್ಟಿಗೆಯನ್ನು ಒಳಗೆ ತುರುಕಿದ್ದನ್ನು ನೋಡಿದಾಗ, ತನ್ನ ಬಟ್ಟೆಯ ಪೆಟ್ಟಿಗೆಗೆ ಯಾರೋ ಕೈಹಾಕಿ ತಡಕಾಡಿದಂತೆ ಆಗಿತ್ತು. ಈಗ ನೋಡಿದರೆ ಬೆರ್ಮೆತ್ ಸತ್ತವರಿಗೆ ರೊಟ್ಟಿ ಕರಿಯುವುದೇ ಇಲ್ಲ. ಬದುಕಿರುವವರಿಗೆ ಎಷ್ಟು ಬೇಕಾದರೂ ಕರಿಯುತ್ತೇನೆ, ಸತ್ತವರನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ಅತ್ತೆಯ ಮುಖಕ್ಕೇ ಹೇಳಿದವಳು ಅವಳು. ಹಾಗಾಗಿ ವಾಸನೆಯ ಕೆಲಸ ತಿರುಗಿ ಕಲೀಪಾಳ ಪಾಲಿಗೇ ಬಂತು. ಕೆಲಸ ಇವಳದು, ಕೋಣೆ ಅವಳದು.

ಎಲ್ಲಕ್ಕಿಂತ ಉರಿಯುವ ಮಾತು ಬೇರೆಯೇ ಇತ್ತು. ಬೆರ್ಮೆತ್‌ಳನ್ನು ಈಸಾನ ಹತ್ತಿರ ಕರೆದುಕೊಂಡು ಹೋದವಳೇ ಕಲೀಪಾ. ಪಟ್ಟಣದಲ್ಲಿ ಒಂದು ಹೊಲಿಗೆ ಅಂಗಡಿಯ ಹಿಂದಿನ ಕೋಣೆ, ಭಾನುವಾರ ಅಲ್ಲಿ ಹೊಲಿಗೆಯಂತ್ರಗಳ ನಡುವೆ ಹತ್ತಾರು ಜನ ಕೂತು ಯೇಸುವಿನ, ಇಲ್ಲಿನವರ ಬಾಯಲ್ಲಿ ಈಸಾನ, ಹಾಡು ಹೇಳುತ್ತಾರೆ. ಒಲೆಗಳಿಗೆ ಬೆಸುಗೆ ಹಾಕುವ ತುರ್ದುಬೆಕ್ ಅಣ್ಣ, ಒಂದು ಕಾಲದ ಮಹಾ ಕುಡುಕ, ಅವರಿಗೆ ಹಿರಿಯ. ಕಲೀಪಾ ಅಲ್ಲಿಗೆ ಹೊಲಿಗೆ ಕಲಿಯಲು ಹೋದವಳು ಹಾಡಿಗಾಗಿ ಉಳಿದಳು. ‘ಹೊಲಿಗೆಗೆ ಹೋಗಿಬರ್ತೀನಿ ಅಪಾ’ ಎಂದು ಅತ್ತೆಗೆ ಹೇಳಿ ಹೋಗುವುದು, ಹಾಡು ಮುಗಿಸಿ ಬರುವಾಗ ದಾರಿಯಲ್ಲಿ ಸುಮ್ಮನೆ ಒಂದಿಷ್ಟು ನೂಲು ಕೊಂಡು ತರುವುದು. ಒಂಬತ್ತು ವರ್ಷದಿಂದ ಇದೇ ನಡೆದಿದೆ, ಮನೆಯಲ್ಲಿ ನೂಲಿಗೆ ಮಾತ್ರ ಬರವಿಲ್ಲ. ಗಂಡನಿಗೆ ಗೊತ್ತು. ವರ್ಷದ ಅರ್ಧ ಭಾಗ ಕುರಿಗಳ ಜೊತೆ ಮೇಲಿನ ಕಣಿವೆಯಲ್ಲೇ ಇರುವ ಮನುಷ್ಯ, ಗೊತ್ತಿಲ್ಲದವನ ಹಾಗೆ ಇದ್ದುಬಿಟ್ಟಿದ್ದಾನೆ. ಅತ್ತೆಗೆ ಮಾತ್ರ ಹೇಳಲಾಗಲಿಲ್ಲ. ಹೇಳಿಯೇಬಿಡಬೇಕು ಎಂದುಕೊಂಡ ವರ್ಷವೇ ಪಕ್ಕದ ಕಣಿವೆಯಲ್ಲಿ ಅವರ ಗುಂಪಿನ ಮುದುಕನೊಬ್ಬ ಸತ್ತ. ಊರವರು ಗೋರಿ ತೋಡಲು ಬಿಡಲಿಲ್ಲ. ಹೆಣವನ್ನು ಟ್ರ್ಯಾಕ್ಟರ್ ಗಾಡಿಯ ಮೇಲೆ ಹಾಕಿಕೊಂಡು ಆ ಊರಿಗೆ, ಈ ಊರಿಗೆ ಅಲೆದು, ಕೊನೆಗೆ ಹೊಳೆಯ ಬದಿಯ ಕಲ್ಲುನೆಲದಲ್ಲಿ ಗುಂಡಿ ತೋಡಿದರು. ಗಾಡಿಯ ಹಿಂದೆ ನಡೆದವರಲ್ಲಿ ಕಲೀಪಾಳೂ ಒಬ್ಬಳು, ತಲೆವಸ್ತ್ರವನ್ನು ಕಣ್ಣಿನವರೆಗೆ ಎಳೆದುಕೊಂಡು. ದಾರಿಯ ಪ್ರತಿ ಗುಂಡಿಗೂ ಕಂಬಳಿ ಸುತ್ತಿದ ತಲೆ ಕುಲುಕುತ್ತಿತ್ತು. ಅಂದಿನಿಂದ ಅವಳ ಭಯಕ್ಕೆ ಒಂದು ಮುಖ ಸಿಕ್ಕಿತು. ಸತ್ತಮೇಲೂ ಜಾಗವಿಲ್ಲದೆ ಕುಲುಕುವುದು. ಒಂಬತ್ತು ವರ್ಷ ಎಣ್ಣೆ ಕಾಯಿಸುತ್ತಲೇ ಇದ್ದಳು, ಕರ್ತನೇ ಕ್ಷಮಿಸು ಎಂದು ತುಟಿಯೊಳಗೇ ಹೇಳುತ್ತ ರೊಟ್ಟಿ ತಿರುವಿಹಾಕುತ್ತಲೇ ಇದ್ದಳು.

ಆ ಹುಡುಗಿ ಹಾಡಿಗೆ ಬರತೊಡಗಿ ಒಂದೇ ತಿಂಗಳಾಗಿತ್ತು. ಊಟದ ಹಾಸಿನ ಸುತ್ತ ಎಲ್ಲರೂ ಕೂತಿದ್ದಾಗ, ಅತ್ತೆಯ ಬಟ್ಟಲಿಗೆ ಚಹಾ ಬಗ್ಗಿಸುತ್ತಲೇ, ಉಪ್ಪು ಸಾಲದು ಎನ್ನುವಷ್ಟು ಸಲೀಸಾಗಿ, “ಅಪಾ, ನಾನು ಈಸಾನವಳಾದೆ” ಎಂದಳು. ಕಲೀಪಾಳ ಕೈಯಲ್ಲಿದ್ದ ರೊಟ್ಟಿ ಬಾಯಿಗೂ ಹೋಗಲಿಲ್ಲ, ಹಾಸಿಗೂ ಬೀಳಲಿಲ್ಲ. ಅತ್ತೆ ಸೌಟು ಎಸೆದರು. ಅದು ಬಾಗಿಲ ಚೌಕಟ್ಟಿಗೆ ಬಡಿದು ಬಣ್ಣ ಕೆತ್ತಿಹೋಯಿತು. ಕೂಗಾಟಕ್ಕೆ ಬೀದಿಯೇ ಬಂದು ಬೇಲಿಗೆ ಒರಗಿ ನಿಂತಿತು. ಅಬ್ಬಾ, ನನ್ನ ಹೆಸರು ಬರಲಿಲ್ಲ ಎಂದು ಕಲೀಪಾ ಅವತ್ತು ತಲೆವಸ್ತ್ರದ ಅಂಚಿನಿಂದ ಬೆವರು ಒರೆಸಿಕೊಂಡಿದ್ದಳು. ಯಾರು ಕರೆದುಕೊಂಡು ಹೋದರು ಎಂದು ಎಷ್ಟು ಕೇಳಿದರೂ ಬೆರ್ಮೆತ್ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಎಷ್ಟೋ ದಿನ ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕಲೀಪಾ ಹಾಲಿನ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತಿರುವಾಗಲೇ, ಅತ್ತೆ ಒಂದು ಬಟ್ಟಲು ಗಟ್ಟಿ ಕೆನೆಯನ್ನು ಬೆರ್ಮೆತ್‌ಳ ಮುಂದೆ ತಳ್ಳಿ, “ತಿನ್ನು, ಕಾಫಿರಳೇ, ಒಣಗಿ ಕಡ್ಡಿಯಾಗಿದ್ದೀಯ” ಎಂದರು. ಬೈಸಿಕೊಂಡವಳಿಗೆ ಕೆನೆ! ಒಂದು ದಿನವೂ ಬೈಸಿಕೊಳ್ಳದ ಹಾಗೆ, ಹೆಜ್ಜೆಯ ಸದ್ದೂ ಕೇಳಿಸದ ಹಾಗೆ ಈ ಮನೆಯಲ್ಲಿ ಬಾಳಿದ ಕಲೀಪಾಳ ಮುಂದೆ ಯಾರೂ ಯಾವ ಬಟ್ಟಲನ್ನೂ ತಳ್ಳಿರಲಿಲ್ಲ. ಅವಳೇ ಬಗ್ಗಿಸಿಕೊಂಡು ತಿನ್ನುತ್ತಿದ್ದಳು.

ಎಣ್ಣೆ ಕಾದಿತ್ತು. ಮೊದಲ ರೊಟ್ಟಿ ತಟ್ಟಿ ಕಡಾಯಿಗೆ ಇಳಿಬಿಟ್ಟಳು. ಅದು ಉಬ್ಬಿ ಮೇಲೆ ಬಂದಾಗ ಗೋಡೆಯ ಆಚೆ ಅತ್ತೆಯ ದನಿ ತಗ್ಗಿತು. ತಗ್ಗಿದ ದನಿ ಗಟ್ಟಿದನಿಗಿಂತ ಬೇಗ ಎಳೆಯುತ್ತದೆ. ಹೊಗೆಕೊಳವೆ ಗೋಡೆ ದಾಟುವಲ್ಲಿ ಒಂದು ಸಂದಿ ಇದೆಯೆಂದು ಕಲೀಪಾಳಿಗೆ ಗೊತ್ತಿತ್ತು, ಇಷ್ಟು ವರ್ಷ ಇಲ್ಲೇ ಬಾಳಿದವಳು. ಸೌಟನ್ನು ಕೈಯಲ್ಲೇ ಹಿಡಿದು ಅಲ್ಲಿಗೆ ಕಿವಿ ಕೊಟ್ಟಳು.

“ಕೊಯ್ಯೋವಾಗ ಎಚ್ಚರ ಇರ್ತದಾ?” ಅತ್ತೆ ಕೇಳುತ್ತಿದ್ದರು.

“ಇಲ್ಲ ಅಪಾ, ನಿದ್ದೆ ಬರಿಸ್ತಾರೆ.”

“ನಿದ್ದೆ ಹೋದವಳು ಏಳದಿದ್ರೆ?”

ಕಾಲು ತಿಕ್ಕುವ ಸದ್ದು, ಉಣ್ಣೆಯ ಕಾಲುಚೀಲದ ಮೇಲೆ ಅಂಗೈ ಸರಿಯುವ ಸದ್ದು.

“ನಿಮ್ಮ ಈಸಾ ಬೈತಾನೇನೇ?”

“ಯಾರಿಗೆ ಅಪಾ?”

“ಇಷ್ಟು ದಿನ ತಿರುಗಿ ನೋಡದೆ, ಈಗ ಹೊಟ್ಟೆನೋವು ಬಂತು ಅಂತ ಬಾಗಿಲು ತಟ್ಟೋರಿಗೆ.”

“ಬೈಯಲ್ಲ. ಒಳಗೆ ಬಾ ಅಂತಾನೆ.”

“ಹಂಗಾದ್ರೆ ಕೇಳು. ನಮ್ಮ ಕಡೆ ಕೇಳೋರನ್ನೆಲ್ಲ ಕೇಳಾಗಿದೆ.”

ಬೆರ್ಮೆತ್ ಕೇಳತೊಡಗಿದಳು. ಮಗುವಿಗೆ ಅಂಗಿ ತೊಡಿಸುವಾಗ ಆಡುವಂಥ ದನಿ, ಅವಸರವಿಲ್ಲ, ಬೇಡಿಕೆಯ ಬಿಗಿಯೂ ಇಲ್ಲ. ಅತ್ತೆಯ ಮನಸ್ಸು ತೆರೆ, ಅತ್ತೆಯ ಮನಸ್ಸು ತೆರೆ ಎಂದು ಪ್ರತಿ ಭಾನುವಾರ ಹೊಲಿಗೆಯಂತ್ರದ ಪಕ್ಕ ಮಂಡಿಯೂರಿ ಬೇಡಿದವಳು ಯಾರು? ತೆರೆದಿದೆ ಈಗ. ತೆರೆದದ್ದು ನಿನ್ನೆ ಮೊನ್ನೆ ಬಂದವಳಿಗೆ. ದೇವರೂ ಒಲೆಯನ್ನು ಕಿರಿಯವರಿಗೇ ಕೊಡುತ್ತಾನೇನೋ. ಈ ಯೋಚನೆ ಬಂದದ್ದಕ್ಕೆ ಹೆದರಿದಳು, ಹೆದರಿದರೂ ಬಿಡಲಿಲ್ಲ. ಹುಳುಕು ಹಲ್ಲನ್ನು ನಾಲಿಗೆ ಮತ್ತೆ ಮತ್ತೆ ಮುಟ್ಟಿ ನೋಡುವ ಹಾಗೆ ಅದನ್ನೇ ಮುಟ್ಟುತ್ತ ನಿಂತಳು. ಕರ್ತನೇ, ನನಗಿಂತ ಅವಳಲ್ಲಿ ಏನು ಕಂಡೆ? ನನ್ನ ಕಣ್ಣೀರು ಉಪ್ಪಲ್ಲವೇ? ಗೋಡೆಯ ಆಚೆ ಅತ್ತೆ, ತಮ್ಮ ಬಾಯಿಂದಲೇ, ಸಣ್ಣ ದನಿಯಲ್ಲಿ ಆಮೇನ್ ಎಂದರು.

ಕಣ್ಣು ಉರಿಯತೊಡಗಿದ್ದು ಹೊಟ್ಟೆಕಿಚ್ಚಿಗೆ ಎಂದೇ ಮೊದಲು ಅಂದುಕೊಂಡಳು. ತಿರುಗಿ ನೋಡಿದರೆ ಅಡುಗೆಮನೆ ತುಂಬ ಕರಿಹೊಗೆ. ಕಡಾಯಿಯಲ್ಲಿ ರೊಟ್ಟಿ ಇದ್ದಿಲಾಗಿತ್ತು, ಎಣ್ಣೆಯ ಅಂಚಿನಲ್ಲಿ ಸಣ್ಣ ಉರಿ ಓಡಾಡುತ್ತಿತ್ತು. ಕೈಕಾಲು ಆಡಲಿಲ್ಲ. ಬಾಗಿಲು ದಡಾರನೆ ತೆರೆಯಿತು, ಬೆರ್ಮೆತ್ ನುಗ್ಗಿ ಬಂದು ಲಂಗದ ಅಂಚಿನಿಂದಲೇ ಕಡಾಯಿಯ ಕಿವಿ ಹಿಡಿದು ಎತ್ತಿದಳು. ಅದೇ ಹೊತ್ತಿಗೆ ಅಂಗಳದ ಕಡೆಯ ಬಾಗಿಲಿನಿಂದ ಜೈನೆಪ್ ಒಳಗೆ ಬಂದಳು. ಜೈನೆಪ್ ಎಂದರೆ ಮುಲ್ಲಾನ ಹೆಂಡತಿ, ಎದುರು ಮನೆಯವಳು, ಹಂಚುವ ರೊಟ್ಟಿಯಲ್ಲಿ ತನ್ನ ಪಾಲಿಗೆ ಬಂದಿದ್ದಳು. ಅವಳು ಕಂಡದ್ದು ಹೊಗೆ, ಹೊಗೆಯ ನಡುವೆ ಕಡಾಯಿ ಹಿಡಿದು ನಿಂತ ಬೆರ್ಮೆತ್, ಅಷ್ಟೇ. ಕಲೀಪಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

“ಏನು ಸೀದದ್ದು? ಯಾಕೆ ಸೀದ ವಾಸನೆ?” ಅತ್ತೆ ಒಳಗಿನಿಂದ ಕೂಗಿದರು. ಆ ಕೂಗು ಬೈಯುವ ಕೂಗಾಗಿರಲಿಲ್ಲ.

ಜೈನೆಪ್ ನೇರ ಕೋಣೆಗೆ ಹೋದಳು. “ನೋಡು ಉರುಂಕಾನ್, ಎಷ್ಟು ಸಲ ಹೇಳ್ದೆ ನಿಂಗೆ! ಧರ್ಮ ಮಾರ್ಕೊಂಡವಳ ಕೈಗೆ ಒಲೆ ಕೊಟ್ಯಲ್ಲ. ಸತ್ತವರ ಮೂಗಿಗೆ ಮಸಿ ಕಳಿಸಿದಾಳೆ ನಿನ್ನ ಮುದ್ದಿನ ಸೊಸೆ. ಅದೂ ಇವತ್ತು!”

ಅತ್ತೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ದಿಂಬಿನಿಂದ ಎದ್ದು ಕೂತಿದ್ದರು, ಒಂದು ಕೈ ಬಲ ಪಕ್ಕೆಯ ಮೇಲೆ. “ಅವರು ಬೇಡ ಅಂತಿದಾರೆ” ಎಂದರು, ಯಾರಿಗೋ ಅಲ್ಲ, ತಮಗೇ. “ಗೋರಿಯಿಂದ ನನ್ನ ಗಂಡನೇ ಬೇಡ ಅಂತಿದಾನೆ. ಮೇಜಿನ ಮೇಲೆ ಮಲಗಿಸಿದ್ರೆ ಏಳಲ್ಲ ನಾನು. ನಾಳೆ ನಾನು ಎಲ್ಲಿಗೂ ಹೋಗಲ್ಲ.” ಇನ್ನೊಂದು ಸಲ ನೋವು ಬಂದರೆ ವಿಷ ಮೈಗೆ ಏರುತ್ತದೆ, ತಡ ಮಾಡಬೇಡಿ ಎಂದು ಡಾಕ್ಟರ್ ಹೇಳಿದ್ದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಎತ್ತಲಿಲ್ಲ. ಅತ್ತೆ ಬಾಗಿಲ ಕಡೆ ನೋಡಿದರು. “ಬೆರ್ಮೆತ್. ಒಲೆ ನೋಡ್ಕೊ ಅಂತ ಕಲೀಪಾ ನಿಂಗೆ ಹೇಳಿದ್ಲಾ? ನಿನ್ನಿಂದಲಾ ಸೀದದ್ದು?”

ಬೆರ್ಮೆತ್ ಕಲೀಪಾಳ ಕಡೆ ನೋಡಿದಳು. ಕಣ್ಣು ಹೊರಳಿಸಿದ್ದಷ್ಟೇ, ಅದರಲ್ಲಿ ದೂರಿರಲಿಲ್ಲ. “ನಾನು ನೋಡ್ಕೋಬೇಕಿತ್ತು ಅಪಾ” ಎಂದಳು.

“ಹೋಗು. ನನ್ನ ಕಣ್ಣೆದುರು ಬರಬೇಡ. ತಿಲೆಕ್ ಕಾರು ತರ್ತಾನಲ್ಲ, ಅದರಲ್ಲೇ ನಿನ್ನ ತವರಿಗೆ ಬಿಟ್ಟು ಬರಲಿ.”

ಬೆರ್ಮೆತ್ ಹೋದಳು. ಅತ್ತೆ ಕಾಲಿನ ಮೇಲಿನ ಕಂಬಳಿ ಸರಿಸಿದರು. “ಕಲೀಪಾ, ನೀನು ಬಾ. ನೀನಾದ್ರೂ ಇದೀಯ.”

ಅಷ್ಟು ಸುಲಭವಾಗಿ ಸಿಕ್ಕಿತು. ಮಂಚದ ತುದಿಯ ಜಾಗ ಇನ್ನೂ ಬೆರ್ಮೆತ್‌ಳ ಮೈಬಿಸಿಯಿಂದ ಬೆಚ್ಚಗಿತ್ತು, ಅಲ್ಲಿ ಕೂತಳು. ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದೇಕೆ. ಹಸಿದಾಗ ಬಿಸಿ ಸಾರು ಗಂಟಲಿನಿಂದ ಇಳಿಯುವ ಹಾಗೆ ಖುಷಿ ಎದೆಯಿಂದ ಹೊಟ್ಟೆಗೆ ಇಳಿಯಿತು. ನಾನು ಒಂದು ಮಾತೂ ಹೇಳಲಿಲ್ಲವಲ್ಲ, ಹೇಳಿದವಳು ಜೈನೆಪ್, ಒಪ್ಪಿಕೊಂಡವಳು ಅವಳು. ಅತ್ತೆಯ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದಳು. ಪಾದಗಳು ತಣ್ಣಗಿದ್ದವು, ಮೂಳೆಯೇ ಹೆಚ್ಚು. ಅವು ನಡುಗುತ್ತಿದ್ದವು. ಚಳಿಗೆ ಎಂದುಕೊಂಡು ಕಂಬಳಿ ಹೊದಿಸಿದಳು, ನಿಲ್ಲಲಿಲ್ಲ. ಆಮೇಲೆ ಗುರುತು ಹತ್ತಿತು. ಇದು ಆ ನಡುಕವೇ. ಟ್ರ್ಯಾಕ್ಟರ್ ಗಾಡಿಯ ಹಿಂದೆ ನಡೆದ ದಿನ ತನ್ನ ಮೊಣಕಾಲಿಗೆ ಬಂದದ್ದು, ಪ್ರತಿ ಭಾನುವಾರ ಬೀದಿಯ ತಿರುವಿನಲ್ಲಿ ಬರುವುದು. ಇಷ್ಟು ವರ್ಷ ಯಾರಿಗೆ ಹೆದರಿ ತಾನು ಬಾಯಿ ಕಟ್ಟಿಕೊಂಡಳೋ ಆ ಹೆಂಗಸಿನ ಕಾಲಲ್ಲೂ ಅದೇ ಇತ್ತು.

“ಏನಾದ್ರೂ ಹೇಳೇ” ಎಂದರು ಅತ್ತೆ. ಕಣ್ಣು ಮುಚ್ಚಿದ್ದರು.

“ಏನು ಹೇಳಲಿ ಅಪಾ?”

“ಅವಳು ಏನೋ ಹೇಳ್ತಿದ್ಲು. ಸ್ವಲ್ಪ ತಡೀತಿತ್ತು.”

“ಅವಳ ಮಾತು ಯಾಕೆ?” ಜೈನೆಪ್ ಮಧ್ಯೆ ಬಾಯಿ ಹಾಕಿದಳು. “ನಾನು ಕುರಾನ್ ಓದ್ತೀನಿ.” ಓದಿದಳು ಕೂಡ, ಸರಾಗವಾಗಿ. ಅತ್ತೆಯ ಪಾದ ಹಾಗೇ ನಡುಗುತ್ತಿತ್ತು. ಕಲೀಪಾಳ ಬಾಯಲ್ಲಿ ಮಾತಿತ್ತು. ಒಂಬತ್ತು ವರ್ಷದ ಮಾತು, ಗಂಟಲಿನ ಹತ್ತಿರವೇ. ಆ ಹೆಸರಿಲ್ಲದೆ ಅದು ಹೊರಗೆ ಬರುವಂತಿರಲಿಲ್ಲ. ಬೆರ್ಮೆತ್‌ಳ ಜಾಗದಲ್ಲಿ ಕೂತಾಯಿತು, ಬೆರ್ಮೆತ್ ಕೊಟ್ಟದ್ದನ್ನು ಕೊಡಲು ಮಾತ್ರ ಆಗಲಿಲ್ಲ. “ಚಹಾ ತರ್ತೀನಿ” ಎಂದು ಎದ್ದು ಬಂದುಬಿಟ್ಟಳು.

ಚಹಾ ಮಾಡಲಿಲ್ಲ. ಅಂಗಳ ದಾಟಿ ಕುರಿಕೊಟ್ಟಿಗೆಗೆ ಹೋದಳು. ಏಪ್ರಿಲ್ಲಿನ ಕೆಸರು, ಗೋಡೆಯ ನೆರಳಲ್ಲಿ ಇನ್ನೂ ಕೊಳೆ ಹಿಮ. ಬೆರ್ಮೆತ್ ಮರಿಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಕೈಯನ್ನು ಆ ಹಿಮದಲ್ಲಿ ಹೂತಿದ್ದಳು. ಹತ್ತಿರ ಹೋದಮೇಲೆ ಕಂಡಿತು, ಹುಡುಗಿಯ ಹಲ್ಲು ಕ‌ಟಕಟ ಬಡಿಯುತ್ತಿತ್ತು. ಈಗಷ್ಟೇ ವಾಂತಿ ಮಾಡಿಕೊಂಡಿದ್ದಳು.

“ಕೈ ತೋರಿಸು” ಎಂದಳು ಕಲೀಪಾ. ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು. “ಸೀಯಿಸಿದ್ದು ಕಲೀಪಾ ಅಂತ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀವು ಯಾಕೆ ಗೋಡೆ ಹತ್ರ ನಿಂತಿದ್ರಿ ಅಂತ ಕೇಳ್ತಿದ್ರು. ಒಂದು ಎಳೆ ಎಳೆದ್ರೆ ಎಲ್ಲ ಬಿಚ್ಚಿಕೊಳ್ತದೆ ಎಜೆ.” ಅಕ್ಕಾ ಎನ್ನುವುದನ್ನು ಅವಳು ಯಾವಾಗಲೂ ಸ್ವಲ್ಪ ಎಳೆದೇ ಹೇಳುತ್ತಾಳೆ, ಈಗಲೂ ಎಳೆದಳು.

“ನೀನು ಉಪಕಾರ ಮಾಡೋದೂ ಬೇಡ, ಅದರ ಋಣ ನಾನು ಹೊರೋದೂ ಬೇಡ” ಎಂದಳು ಕಲೀಪಾ ಸಿಡುಕಿನಿಂದ. ಇನ್ನೂ ಏನೇನೋ ಹೇಳಬೇಕೆಂದಿದ್ದಳು. ಬದಲಿಗೆ, “ನಿಂಗೆ ಭಯ ಆಗಲ್ವೇನೇ?” ಎಂದಳು.

ಬೆರ್ಮೆತ್ ಅವಳನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. “ಏನು ಮಾತು ಎಜೆ? ಸೌಟು ಎಸೆದ್ರಲ್ಲ, ಅವತ್ತು ನಾನು ಬಟ್ಟೇಲೇ ಉಚ್ಚೆ ಹೊಯ್ಕೊಂಡೆ. ಚಹಾ ಚೆಲ್ಲಿತು ಅಂತ ಹೇಳಿ ಲಂಗ ಬದಲಾಯಿಸಿದ್ದು. ಈಗ ತವರಿಗೆ ಹೋದ್ರೆ ಅಪ್ಪ ಒಳಗೆ ಬಿಡಲ್ಲ.”

“ಮತ್ತೆ ಹೇಗೆ ಹೇಳ್ದೆ?”

“ಭಯ ಹೋದಮೇಲೆ ಹೇಳೋಣ ಅಂತ ನೋಡ್ದೆ. ಅದು ಹೋಗೋ ಹಂಗೆ ಕಾಣ್ಲಿಲ್ಲ. ಅವನು ಕೈ ಬಿಡಲ್ಲ ಅಂತ ಮಾತ್ರ ಗೊತ್ತಾಯ್ತು. ಹಂಗೇ ನಡುಗ್ತಾನೇ ಹೇಳ್ದೆ.”

ಕಲೀಪಾಳಿಗೆ ಸಿಟ್ಟು ಬಂತು. ಇಷ್ಟು ದಿನ ಹೊಟ್ಟೆ ಉರಿಸಿಕೊಂಡದ್ದು ಇಲ್ಲದ ವಸ್ತುವಿಗಾಗಿಯೇ? ಈ ಹುಡುಗಿಯ ಹತ್ತಿರ ಧೈರ್ಯದ ಗಂಟು ಇದೆ, ದೇವರು ತನಗೆ ಕೊಡದೆ ಅವಳಿಗೆ ಕೊಟ್ಟ ಎಂದುಕೊಂಡಿದ್ದಳು. ಗಂಟೇ ಇರಲಿಲ್ಲ. ಇಬ್ಬರ ಕೈಯೂ ಬರಿದೇ ಇತ್ತು. ಆಗ ಯಾಕೋ ಅಪ್ಪನ ನೆನಪಾಯಿತು, ಅಪ್ಪನ ಕುದುರೆದೊಡ್ಡಿ. ಅಪ್ಪ ಊರಿಗೇ ಜಟ್ಟಿ, ಎತ್ತನ್ನು ಕೊಂಬು ಹಿಡಿದು ಕೆಡವುತ್ತಿದ್ದವನು. ಮೊದಲ ಸಲ ದೊಡ್ಡಿಯೊಳಗೆ ತಂದ ಮರಿಕುದುರೆ ಮೈಯೆಲ್ಲ ನಡುಗುತ್ತಿದ್ದರೆ ಚಾವಟಿ ಹೊರಗೇ ಇಟ್ಟು ಹೋಗಿ ಅದರ ಕತ್ತಿನ ಮೇಲೆ ಕೈ ಇಡುತ್ತಿದ್ದ. ಆ ದೊಡ್ಡ ಕೈಗೆ ಭಾರವೇ ಇಲ್ಲವೇನೋ ಎನ್ನುವ ಹಾಗೆ. ಒದೆದರೂ ತೆಗೆಯುತ್ತಿರಲಿಲ್ಲ. ನಡುಕ ನಿಲ್ಲಲಿ ಎಂದು ಕಾಯುತ್ತಲೂ ಇರಲಿಲ್ಲ. ನಡುಗುವ ಕುದುರೆಯನ್ನೇ ಮೆಲ್ಲಗೆ ನಡೆಸಿಕೊಂಡು ಹೊರಡುತ್ತಿದ್ದ. ಕಲೀಪಾ ಕೊಟ್ಟಿಗೆಯಲ್ಲಿ ನಿಂತೇ ಇದ್ದಳು. ತನ್ನ ಕತ್ತಿನ ಹಿಂದೆ, ತಲೆವಸ್ತ್ರದ ಗಂಟಿನ ಕೆಳಗೆ, ಅಂಥದೇ ಕೈಯೊಂದು ಇದ್ದಂತೆ ತೋರಿತು. ಇವತ್ತು ಬಂದದ್ದಲ್ಲ. ಒಂಬತ್ತು ವರ್ಷದಿಂದ, ಎಣ್ಣೆ ಕಾಯಿಸುವಾಗಲೂ, ಗೋಡೆಗೆ ಕಿವಿ ಕೊಟ್ಟಾಗಲೂ ಅಲ್ಲೇ ಇದ್ದದ್ದು. ತಾನು ಇದನ್ನು ಹೊಡೆಯುವ ಕೈ ಎಂದು ಎಣಿಸಿ ಕತ್ತು ಬಗ್ಗಿಸಿಕೊಂಡೇ ಓಡಾಡಿದ್ದಳು. ಕಣ್ಣಲ್ಲಿ ನೀರು ಬಂತು, ಕುರಿಯ ಉಣ್ಣೆಗೆ ಒರೆಸಿಕೊಂಡಳು.

“ಹಿಮದಲ್ಲೇ ಇಟ್ಕೊ ಕೈನ” ಎಂದು ಹೇಳಿ ಹೊರಟಳು.

ಕೋಣೆಯಲ್ಲಿ ಜೈನೆಪ್ ಅತ್ತೆಯ ಕೈ ಹಿಡಿದು ಕೂತು, ಯಾರದೋ ಊರಿನಲ್ಲಿ ಯಾವಳೋ ಆಸ್ಪತ್ರೆಯಿಂದ ಹೆಣವಾಗಿ ಬಂದ ಕತೆ ಹೇಳುತ್ತಿದ್ದಳು. ಅತ್ತೆ ಕಣ್ಣು ತೆರೆದರು. “ಚಹಾ ಎಲ್ಲಿ?”

“ಚಹಾ ಇಲ್ಲ ಅಪಾ. ರೊಟ್ಟಿ ಸೀಯಿಸಿದ್ದು ನಾನು.”

“ನೀನಾ?”

“ನಾನೇ. ಬೆರ್ಮೆತ್ ನಿಮಗೋಸ್ಕರ ಕೇಳ್ಕೊಳ್ತಿದ್ಲಲ್ಲ, ಆಗ ಗೋಡೆಗೆ ಕಿವಿ ಕೊಟ್ಟು ನಿಂತಿದ್ದೆ. ಹೊಟ್ಟೆ ಉರೀತು. ಒಲೆ ಮರೆತೇಹೋಯ್ತು. ಸತ್ತವರು ಏನೂ ಹೇಳಿಕಳಿಸಿಲ್ಲ ಅಪಾ. ದೊಡ್ಡ ಸೊಸೆ ಹೊಟ್ಟೆಕಿಚ್ಚಿಗೆ ರೊಟ್ಟಿ ಸೀದಿದೆ, ಅಷ್ಟೇ. ನಾಳೆ ನೀವು ಹೋಗಲೇಬೇಕು.”

ಜೈನೆಪ್ ನಕ್ಕಳು. “ಅವಳನ್ನ ಉಳಿಸೋಕೆ ಹೇಳ್ತಿದಾಳೆ ಉರುಂಕಾನ್. ಕಾಫಿರಳ ಬೇಡಿಕೆ ಕೇಳಿ ನಿಂಗ್ಯಾಕಮ್ಮ ಹೊಟ್ಟೆಕಿಚ್ಚು?”

ಇಲ್ಲಿಗೆ ನಿಲ್ಲಿಸಬಹುದಿತ್ತು. ಮೊಣಕಾಲು ಆಗಲೇ ಶುರುಮಾಡಿತ್ತು. ಗಾಡಿ ಕಂಡಿತು, ಕಂಬಳಿ ಸುತ್ತಿದ ತಲೆ ಕಂಡಿತು. ಅದು ಕುಲುಕುತ್ತಿರುವಾಗಲೇ ಕಲೀಪಾ ಹೇಳಿದಳು, “ಯಾಕಂದ್ರೆ ನಾನೂ ಈಸಾನವಳೇ. ಅವಳಿಗಿಂತ ಎಷ್ಟೋ ಮುಂಚೆಯಿಂದ. ಅವಳನ್ನ ಕರ್ಕೊಂಡು ಹೋದವಳೂ ನಾನೇ.”

ಜೈನೆಪ್ ಅತ್ತೆಯ ಕೈ ಬಿಟ್ಟು, ಲಂಗ ಕೊಡವಿ ಎದ್ದಳು. “ತೌಬಾ, ತೌಬಾ. ಇಬ್ಬಿಬ್ಬರು! ಈ ಮನೇಲಿ ನೀರೂ ಮುಟ್ಟಲ್ಲ ನಾನು. ಕಲೀಪಾ, ನಿನ್ನ ಹೆಣಕ್ಕೆ ಈ ಊರಲ್ಲಿ ಯಾರು ಗುಂಡಿ ತೋಡ್ತಾರೆ ನಾನೂ ನೋಡ್ತೀನಿ.” ಅದೇ ಮಾತು. ಎಷ್ಟು ರಾತ್ರಿ ಕನಸಿನಲ್ಲಿ ಕೇಳಿ ಬೆಚ್ಚಿದ ಮಾತು ಈಗ ಹಾಡುಹಗಲಲ್ಲಿ, ರೊಟ್ಟಿಯ ಪಾಲಿಗೆ ಬಂದ ನೆರೆಯವಳ ಬಾಯಲ್ಲಿ ಬಂತು. ಇಷ್ಟೇನಾ ಅನ್ನಿಸಿತು. ಕತ್ತಿನ ಹಿಂದಿನ ಕೈ ಅಲ್ಲೇ ಇತ್ತು.

“ಜೈನೆಪ್” ಎಂದರು ಅತ್ತೆ. “ನನ್ನ ಸೊಸೆಯಂದಿರನ್ನ ಬೈಯೋಕೆ ನಾನಿನ್ನೂ ಸತ್ತಿಲ್ಲ. ನೀನು ಮನೆಗೆ ಹೋಗು.”

ಬಾಗಿಲು ಬಡಿದ ಸದ್ದಾಯಿತು. ಅತ್ತೆ ಕಲೀಪಾಳ ಕಡೆ ತಿರುಗಿದರು. “ಎಷ್ಟು ವರ್ಷ ಆಯ್ತು?”

“ಒಂಬತ್ತು.”

“ಆ ಹುಡುಗಿ ಒಂದು ತಿಂಗಳಿಗೆ ಹೇಳಿದ್ಲು. ನೀನು ಒಂಬತ್ತು ವರ್ಷ ನನ್ನ ಎದುರಿಗೆ ಕೂತು ಉಂಡೆ. ನನ್ನನ್ನ ಏನಂದ್ಕೊಂಡಿದ್ದೆ? ತೋಳ ಅಂತಲಾ?”

ಜೈನೆಪ್‌ಳ ಮಾತು ತಾಗದ ಜಾಗಕ್ಕೆ ಇದು ತಾಗಿತು. “ಹೆದರಿಕೆ ಆಯ್ತು ಅಪಾ” ಎಂದಳು.

“ಸೌಟು ಎಸೀತಿದ್ದೆ. ಇನ್ನೇನು ಮಾಡ್ತಿದ್ದೆ? ಒಂದು ಸೌಟಿಗೆ ಹೆದರಿ ಒಂಬತ್ತು ವರ್ಷ!” ಅತ್ತೆ ಮುಖ ಗೋಡೆಯ ಕಡೆ ತಿರುಗಿಸಿದರು. ಗಲ್ಲದ ಮೇಲೆ ನೀರಿತ್ತು, ನೋವಿನದೋ ಸಿಟ್ಟಿನದೋ. ಇಷ್ಟು ವರ್ಷ ತಾನು ಮುಚ್ಚಿಟ್ಟದ್ದು ತನ್ನ ಗುಟ್ಟನ್ನು ಎಂದು ಕಲೀಪಾ ತಿಳಿದಿದ್ದಳು, ಈ ಹೆಂಗಸಿಗೆ ಮಾಡುತ್ತಿದ್ದ ಅವಮಾನ ಅದು ಎಂದು ಹೊಳೆದಿರಲೇ ಇಲ್ಲ. ಅತ್ತೆಯ ಕೈಯಿಂದ ತನಗೆ ಸಿಗದ ಕೆನೆಯನ್ನು ಯಾರೂ ಅವಳಿಂದ ಕಿತ್ತುಕೊಂಡಿರಲಿಲ್ಲ. ಅವಳೇ ಬಟ್ಟಲು ಒಡ್ಡಿರಲಿಲ್ಲ.

“ಸೀದದ್ದು ನಿನ್ನ ದೆಸೆಯಿಂದ ಅಂದ್ರೆ ನಾಳೆ ಹೋಗಬಹುದು” ಎಂದರು ಅತ್ತೆ, ಗೋಡೆಗೆ ಹೇಳುವ ಹಾಗೆ. “ಆದ್ರೂ ಹೆದರಿಕೆ ಹೋಗ್ತಿಲ್ಲ ಕಣೇ. ಆ ಹುಡುಗೀನ ಕರಿ.”

ಚುರುಕ್ಕೆಂದಿತು. ಇಷ್ಟೆಲ್ಲ ಆದಮೇಲೂ ಆ ಹುಡುಗಿಯೇ ಬೇಕು. ಹೊಟ್ಟೆಕಿಚ್ಚು ಸತ್ತಿರಲಿಲ್ಲ, ಬೂದಿಯೊಳಗೆ ಹಾಗೇ ಇತ್ತು. ಅದನ್ನು ಹೊತ್ತುಕೊಂಡೇ ಕಿಟಕಿ ತೆರೆದು, ಬೀದಿಗೆಲ್ಲ ಕೇಳುವ ಹಾಗೆ ಬೆರ್ಮೆತ್ ಎಂದು ಕೂಗಿದಳು. ಬೆರ್ಮೆತ್ ಒದ್ದೆ ಕೈ ಹಿಡಿದುಕೊಂಡು ಬಂದು ಹೊಸ್ತಿಲಲ್ಲಿ ನಿಂತಳು, ಒಳಗೆ ಬರಲೋ ಬೇಡವೋ ಎಂದು.

“ಬಾ, ಕೂತ್ಕೊ. ತವರಿಗೆ ಹೋಗೋದು ಬೇಡ” ಎಂದರು ಅತ್ತೆ. “ಬಾಯಿ ಮಾತ್ರ ಮುಚ್ಕೊಂಡಿರು. ದಿನಾ ನಿಂದೇ ಕೇಳಿದೀನಿ. ಇವತ್ತು ಇವಳು ಹೇಳಲಿ.”

“ನಾನಾ?” ಎಂದಳು ಕಲೀಪಾ.

“ಒಂಬತ್ತು ವರ್ಷದ್ದು ಸೇರಿಸಿ ಹೇಳು. ಗಟ್ಟಿಯಾಗಿ ಹೇಳು, ಜೈನೆಪ್ ಇನ್ನೂ ಗೇಟಿನ ಹತ್ರವೇ ನಿಂತಿದಾಳೆ.”

ಕಿಟಕಿ ತೆರೆದೇ ಇತ್ತು. ಕಲೀಪಾ ಅಂಗೈಗಳನ್ನು ಮುಂದೆ ಚಾಚಿದಳು. ಅವು ನಡುಗುತ್ತಿದ್ದವು, ಮುಚ್ಚಿಕೊಳ್ಳಲಿಲ್ಲ. “ಈಸಾ, ನನ್ನ ಕರ್ತನೇ” ಎಂದಳು. ಆ ಮನೆಯ ಗೋಡೆಗಳು ಅವಳ ಬಾಯಿಂದ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ. ಇಷ್ಟು ವರ್ಷ ಒಳಗೇ ಒಪ್ಪವಾಗಿ ಜೋಡಿಸಿಟ್ಟ ಮಾತು ಒಂದೂ ಕೈಗೆ ಸಿಗಲಿಲ್ಲ. ನಾಲಿಗೆಗೆ ಬಂದದ್ದೇ ಬೇರೆ. “ಬೆರ್ಮೆತ್‌ಳ ಕೈ ಸುಟ್ಟಿದೆ. ನನ್ನಿಂದಲೇ ಸುಟ್ಟಿದ್ದು. ಅವಳ ಕೈ ವಾಸಿಮಾಡು, ಅವಳನ್ನ...”

“ಅವಳದು ಆಮೇಲೆ” ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. “ಮೊದಲು ನನ್ನ ಪಿತ್ತಕೋಶ.”

ಕಲೀಪಾ ಮತ್ತೆ ಮೊದಲಿನಿಂದ ಶುರುಮಾಡಿದಳು, ಇನ್ನೂ ಗಟ್ಟಿಯಾಗಿ.